ವಾರೆ ಹಿಡಿದ ಸ್ಟೇರಿಂಗ್

"ಅಜ್ಜಾರ, ಐದು ಮಂದಿ ಕೂಡಿ ಒಂದ ಮಾತು ಹೇಳಿದ್ರ ಅದು ಖರೇ ಅಲ್ಲೇನ್ರಿ?"

ಅಡಿವೆಯ್ಯ ಕೇಳಿದ್ದು ಪ್ರಶ್ನೆಯ ಹಾಗಿರಲಿಲ್ಲ. ಸಿಟ್ಟು ಅವನ ಮೂಗಿನ ತುದಿಯಲ್ಲೇ ಕೂತಿತ್ತು. ಹೆದ್ದಾರಿಯ ಪಕ್ಕದ ಆ ಮಠದಲ್ಲಿ ದಾಸೋಹದ ಉಸ್ತುವಾರಿ ಅವನದು. ಅಲ್ಲಿ ಮಧ್ಯಾಹ್ನ ಬಂದವರಿಗೆಲ್ಲ ಊಟ. ಮೊದಲ ಪಂಕ್ತಿಗೆ ಮಠದವರು ಮತ್ತು ಬಂದ ದೊಡ್ಡವರು ಕೂರುತ್ತಿದ್ದರು. ಆಮೇಲೆ ಊರಿನವರು. ಕಡೆಯ ಪಂಕ್ತಿಗೆ ಕಲ್ಲು ಕ್ವಾರಿಯ ಕೂಲಿಗಳು, ದಾರಿಯಲ್ಲಿ ಹೋಗುವ ಲಾರಿಯವರು. ಅಡುಗೆ ಮಾಡುವ ಫಕೀರವ್ವನನ್ನು ಕೆಲಸದಿಂದ ತೆಗೆಯಬೇಕೆಂದು ಅಡಿವೆಯ್ಯ ತೀರ್ಮಾನಿಸಿದ್ದ. ಮಠದ ಸ್ವಾಮಿಗಳಾದ ಅಜ್ಜನವರು ಹೂಂ ಎಂದರೆ ಇವತ್ತಿನ ಊಟದ ಹೊತ್ತಿಗೆ ಎಲ್ಲರೆದುರು ಹೇಳಿ ಕಳಿಸುವುದಿತ್ತು. ಅಜ್ಜನವರು ಬೆಳಗಿನಿಂದ ಹೂಂ ಎಂದಿರಲಿಲ್ಲ.

"ಆಕಿ ಏನ್ ಮಾಡಿದಳಪಾ?" ಎಂದರು ಅಜ್ಜನವರು.

"ಏನ್ ಮಾಡಿಲ್ಲ ಕೇಳ್ರಿ. ಬಡಸೋರ ಕೈಯಾಗಿನ ಸವಟು ಕಸಗೊಳ್ತಾಳ. ಸಣ್ಣವರು ದೊಡ್ಡವರು ಅನ್ನಂಗಿಲ್ಲ, ಒದರತಾಳ. ಮೊನ್ನೆ ದೊಡ್ಡ ಮಂದಿ ಊಟಕ್ಕ ಕುಂತಾಗ ಮತ್ತೊಂದೀಟು ಅನ್ನ ಕೇಳಿದ್ರು. ಇಲ್ಲ ಅಂದ್ಳು. ಒಳಗ ಹೋಗಿ ನೋಡಿದ್ರ ಅನ್ನ ತುಂಬಿದ ಬೋಗುಣಿ ಮುಚ್ಚಿಟ್ಟು ಬಾಗಿಲಕ್ಕ ಅಡ್ಡ ನಿಂತಾಳ. ಮಠದ ಮಾನ ಹೋತ್ರಿ. ನಾವು ಐದು ಮಂದಿ ಕುಂತು ವಿಚಾರ ಮಾಡೀವಿ. ಬಡಸೋರು ಇಬ್ಬರು, ಉಗ್ರಾಣದಾಂವ, ಮ್ಯಾನೇಜರು, ನಾನು. ಐದೂ ಮಂದಿದು ಒಂದ ಮಾತು. ತಪ್ಪು ಆಕೀದು."

"ಆಕೀನ್ನ ಕೇಳಿದ್ರೇನು?"

"ಕಣ್ಣಿಗೆ ಕಾಣೋದಕ್ಕ ಕೇಳೋದೇನೈತ್ರಿ?"

ಫಕೀರವ್ವ ಹೊರಗೆ ಜಗಲಿಯ ಮೇಲೆ ಕೂತಿದ್ದಳು. ಬಟ್ಟೆಯ ಗಂಟು ಪಕ್ಕದಲ್ಲಿತ್ತು. ಒಳಗಿನ ಮಾತು ಅವಳಿಗೆ ಕೇಳುತ್ತಿತ್ತು. ಕೇಳಲಿ ಎಂದೇ ಅಡಿವೆಯ್ಯ ದನಿ ಎತ್ತಿದ್ದ.

ಅಜ್ಜನವರು ಕೂರುವಂತೆ ಕೈ ತೋರಿದರು. ಅಡಿವೆಯ್ಯ ಕೂತ. ಅಜ್ಜನವರು ಹೇಳತೊಡಗಿದರು.

ಒಬ್ಬ ಸಾವುಕಾರನಿದ್ದ. ಅವನಿಗೊಂದು ಕಲ್ಲಿನ ಕ್ವಾರಿಯಿತ್ತು. ಕಲ್ಲು ಸಾಗಿಸಲು ಉದ್ದನೆಯ ಟ್ರೇಲರ್ ಇತ್ತು. ಆ ಟ್ರೇಲರಿಗೆ ಒಬ್ಬ ಡ್ರೈವರ್ ಇದ್ದ. ಕ್ವಾರಿಯಿಂದ ಬಂದರಿಗೆ ಬಂಡೆ ಮುಟ್ಟಿಸುವುದು, ಖಾಲಿ ಗಾಡಿ ಹೊಡೆದುಕೊಂಡು ಬರುವುದು, ಇದು ಅವನ ಕೆಲಸ. ಬಹಳ ವರ್ಷ ಮಾಡಿದ್ದ. ಯಾರೂ ಅವನ ಕಡೆ ಬೊಟ್ಟು ಮಾಡಿ ತೋರಿಸಿರಲಿಲ್ಲ. ಅವನಿಗೆ ಹೊಲವಿಲ್ಲ, ಮನೆಯಿಲ್ಲ. ಒಳ್ಳೆಯ ಡ್ರೈವರ್ ಎಂಬ ಹೆಸರೊಂದಿತ್ತು. ಅದರ ಮೇಲೆಯೇ ಅವನ ಮನೆಯ ಒಲೆ ಉರಿಯುತ್ತಿತ್ತು.

ಒಂದು ದಿನ ಹೇರುವಾಗ ಕ್ರೇನಿನ ಸರಪಳಿ ಜಾರಿತು. ಮೆಲ್ಲಗೆ ಕೂರಬೇಕಾದ ಬಂಡೆ ಟ್ರೇಲರಿನ ಎಡಮಗ್ಗುಲಿಗೆ ಧೊಪ್ಪನೆ ಬಿತ್ತು. ಡ್ರೈವರ್ ಕೆಳಗೆ ಬಗ್ಗಿ ನೋಡಿದ. ಒಳಗೆ ಏನೋ ಸರಿದಿದೆ, ಮಿಸ್ತ್ರಿಯನ್ನು ಕರೆಸಿ ಎಂದ. ಸಾವುಕಾರನಿಗೆ ಹಡಗಿನ ಚಿಂತೆ. ಬಂಡೆ ಮುಟ್ಟುವ ಮೊದಲೇ ಹಡಗು ಹೊರಟುಬಿಟ್ಟರೆ ಎಂದು ಅವನ ಜೀವ ಹೊಯ್ದಾಡುತ್ತಿತ್ತು. ಆದರೂ ಮಿಸ್ತ್ರಿಯನ್ನು ಕರೆಸಿದ. ಕರೆಸಿದವನು, ಬೇಗ ಮುಗಿಸು ಎಂದ.

ಇಲ್ಲಿ ನೀನು ಸ್ವಲ್ಪ ಕಿವಿಗೊಟ್ಟು ಕೇಳಬೇಕು, ಎಂದರು ಅಜ್ಜನವರು. ನಮ್ಮ ಮಠದ ಮುಂದೆ ದಿನಾ ಟ್ರೇಲರ್ ಹೋಗುತ್ತವೆ. ದೂಳೆಬ್ಬಿಸಿದವು ಎಂದು ಬೈಯುವುದು ಬಿಟ್ಟರೆ ಅವುಗಳ ಹೊಟ್ಟೆಯ ಕೆಳಗೆ ಏನಿದೆ ಎಂದು ನೀನು ನೋಡಿದವನಲ್ಲ. ಹಿಂದುಗಡೆ ಒಂದರ ಹಿಂದೆ ಒಂದು ಮೂರು ಅಚ್ಚು. ಅಚ್ಚಿನ ತುದಿಗಳಿಗೆ ಗಾಲಿ. ಮುಂದೆ ಮೂತಿಯ ಕೆಳಗೆ ಒಂದೇ ಒಂದು ದಪ್ಪ ಉಕ್ಕಿನ ಗೂಟ. ಕಿಂಗ್ ಪಿನ್ ಎನ್ನುತ್ತಾರೆ. ಎಳೆಯುವ ಗಾಡಿಯ ಬೆನ್ನಿಗೆ ಸಿಕ್ಕಿಕೊಳ್ಳುವುದು ಆ ಗೂಟ. ಇಡೀ ಭಾರ ಅದನ್ನೇ ನಂಬಿ ಹಿಂದೆ ಬರುತ್ತದೆ. ಹಾಗಾಗಿ ಅಚ್ಚು ನೆಟ್ಟಗಿದೆಯೋ ಸೊಟ್ಟಗಿದೆಯೋ ಎಂದು ತಿಳಿಯಬೇಕಾದರೆ ಆ ಗೂಟದಿಂದಲೇ ಅಳೆಯಬೇಕು. ಗೂಟದಿಂದ ಮೊದಲ ಅಚ್ಚಿನ ಎಡತುದಿಗೆ ಎಷ್ಟಿದೆಯೋ ಬಲತುದಿಗೂ ಅಷ್ಟೇ ಇರಬೇಕು. ಮೊದಲನೆಯದು ಹೀಗೆ ನಿಂತ ಮೇಲೆ ಉಳಿದ ಎರಡನ್ನು ಅದಕ್ಕೆ ಹೊಂದಿಸಬೇಕು.

ಇದು ಮಿಸ್ತ್ರಿಗೆ ಗೊತ್ತಿಲ್ಲದ್ದಲ್ಲ. ಆದರೆ ಗೂಟ ಇರುವುದು ಎಳೆಯುವ ಗಾಡಿಯ ಬೆನ್ನಿನೊಳಗೆ, ಗ್ರೀಸಿನ ಕೆಸರಿನಲ್ಲಿ. ಅಲ್ಲಿಂದ ಟೇಪು ಹಿಡಿಯಬೇಕಾದರೆ ಬಂಡೆ ಇಳಿಸಬೇಕು, ಗಾಡಿ ಬಿಡಿಸಬೇಕು, ಅಂಗಿ ಕೊಳೆ ಮಾಡಿಕೊಳ್ಳಬೇಕು. ಅದಕ್ಕೆಲ್ಲ ವ್ಯವಧಾನ ಎಲ್ಲಿದೆ? ಆ ಕ್ವಾರಿಯಲ್ಲಿ ಒಂದು ರೂಢಿ ಬಿದ್ದುಹೋಗಿತ್ತು. ಅಚ್ಚಿನಿಂದ ಅಚ್ಚಿಗೆ ಟೇಪು ಹಿಡಿಯುವುದು, ಎರಡು ಮಗ್ಗುಲೂ ಸಮ ಬಂದರೆ ಸರಿಯಿದೆ ಎನ್ನುವುದು. ಯಾವಾಗಿನಿಂದ ಹೀಗೆ ಎಂದು ಯಾರೂ ಕೇಳುತ್ತಿರಲಿಲ್ಲ.

ಮಿಸ್ತ್ರಿ ಕಳ್ಳನಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಕತೆಯ ನಡುವೆಯೇ ಅವನ ಮೇಲೆ ಹಾರುತ್ತೀಯ. ಅವನು ಬಿಸಿಲಿನಲ್ಲಿ ಟ್ರೇಲರಿನ ಕೆಳಗೆ ಮಲಗಿ ಅಳೆದ. ಮೊದಲ ಅಚ್ಚಿನ ಎಡತುದಿ ಎರಡು ಬೆರಳಿನಷ್ಟು ಹಿಂದಕ್ಕೆ ಸರಿದಿತ್ತು. ಅದನ್ನು ಹಿಡಿದು ನಿಲ್ಲಿಸಿದ್ದ ಕಬ್ಬಿಣದ ಕಾಲು ಬಂಡೆಯ ಹೊಡೆತಕ್ಕೆ ಬಾಗಿತ್ತು. ಸರಿಪಡಿಸಬೇಕಾದರೆ ಆ ಕಾಲನ್ನು ಕತ್ತರಿಸಿ ಹೊಸದನ್ನು ಬೆಸುಗೆ ಹಾಕಬೇಕು. ಅಲ್ಲಿಯವರೆಗೆ ಗಾಡಿ ನಿಲ್ಲಬೇಕು. ಹಿಂದಿನ ಎರಡು ಅಚ್ಚುಗಳನ್ನು ಹಿಡಿದ ರಾಡುಗಳಾದರೋ ಸ್ಪ್ಯಾನರ್ ಹಾಕಿದರೆ ತಿರುಗಿ ಅಚ್ಚನ್ನು ಹಿಂದೆ ಮುಂದೆ ಸರಿಸುತ್ತಿದ್ದವು. ಅವನು ಅವನ್ನು ತಿರುಗಿಸಿದ. ನೆಟ್ಟಗಿದ್ದ ಎರಡನ್ನು ಸೊಟ್ಟಗಾದ ಒಂದಕ್ಕೆ ಹೊಂದಿಸಿದ. ಟೇಪು ಹಿಡಿದ. ಎರಡು ಮಗ್ಗುಲಿಗೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ಸಾವುಕಾರ ತಾನೇ ಬಗ್ಗಿ ಟೇಪು ನೋಡಿ ತಲೆದೂಗಿದ. ಹಡಗು ಸಿಕ್ಕಿತು.

ಅಲ್ಲಿ ಒಬ್ಬನೂ ಸುಳ್ಳು ಹೇಳಿರಲಿಲ್ಲ. ನನಗೆ ಸಿಟ್ಟು ಬರುವುದೇ ಅದಕ್ಕೆ, ಎಂದರು ಅಜ್ಜನವರು. ಸುಳ್ಳಾಗಿದ್ದರೆ ಎಂದಾದರೂ ಸಿಕ್ಕಿಬೀಳುತ್ತಿತ್ತು. ಮೂರೂ ಅಚ್ಚುಗಳು ಒಂದಕ್ಕೊಂದು ಒಪ್ಪಿ, ಒಂದೇ ಕಡೆಗೆ ಸೊಟ್ಟಗೆ ನಿಂತಿದ್ದವು. ಅವುಗಳನ್ನು ಒಂದರಿಂದ ಒಂದಕ್ಕೆ ಎಷ್ಟು ಸಲ ಅಳೆದರೂ ಸಮವೇ ಬರುತ್ತಿತ್ತು.

ಡ್ರೈವರ್ ಹೊರಟ. ಹೆದ್ದಾರಿಗೆ ಬಿದ್ದ ಮೇಲೆ ಅವನಿಗೆ ತಿಳಿಯಿತು. ಎಳೆಯುವ ಗಾಡಿ ನೇರ ಹೋಗುತ್ತಿದೆ, ಹಿಂದಿನ ಟ್ರೇಲರ್ ಏಡಿಯ ಹಾಗೆ ಅಡ್ಡಡ್ಡ ಬರುತ್ತಿದೆ. ಅದರ ಬಾಲ ಎಡಕ್ಕೆ, ರಸ್ತೆಯ ಅಂಚಿಗೆ ಜಗ್ಗುತ್ತಿದೆ. ಕನ್ನಡಿಯಲ್ಲಿ ನೋಡಿದರೆ ಬಾಲದ ಮೂಲೆ ಅಂಚಿನ ಬಿಳಿ ಗೆರೆಯನ್ನು ದಾಟಿತ್ತು. ಬಿಳಿ ಗೆರೆಯ ಆಚೆ ಜನ ನಡೆಯುತ್ತಾರೆ. ಹುಲ್ಲಿನ ಹೊರೆ ಹೊತ್ತವರು, ಶಾಲೆಗೆ ಹೋಗುವವರು, ಕುರಿ ಕಾಯುವವರು. ಅವರಿಗೆ ಬೆನ್ನಿನಲ್ಲಿ ಕಣ್ಣಿಲ್ಲ. ಎಳೆಯುವ ಗಾಡಿ ನೇರ ಹೋದರೆ ಹಿಂದಿನದೂ ನೇರ ಬರುತ್ತದೆಂದು ನಂಬಿ ನಡೆಯುವ ಜನ ಅವರು.

ಅವನು ಸ್ಟೇರಿಂಗನ್ನು ಒಂದು ಗೇಣು ಬಲಕ್ಕೆ ತಿರುಗಿಸಿ ಹಿಡಿದ. ಬಾಲ ಗೆರೆಯ ಒಳಗೆ ಬಂತು. ಬಿಟ್ಟರೆ ಮತ್ತೆ ಹೊರಗೆ ಹೋಗುತ್ತಿತ್ತು. ಹಾಗಾಗಿ ಬಿಡಲಿಲ್ಲ. ಬಂದರಿನವರೆಗೂ ಹಾಗೆಯೇ ಹಿಡಿದ. ಮರುದಿನ ಹಿಡಿದ. ತಿಂಗಳುಗಟ್ಟಲೆ ಹಿಡಿದ. ಭುಜ ಬಾತುಕೊಂಡಿತು. ಗಾಡಿ ಅಡ್ಡ ಬರುತ್ತಿದೆ ಎಂದು ಕ್ವಾರಿಯ ಸೂಪರ್‌ವೈಸರಿಗೆ ಹೇಳಿದ. ಅಚ್ಚು ಅಳೆದಾಗಿದೆಯಲ್ಲ ಎಂದರು. ಮತ್ತೆ ಹೇಳಿದ. ಮತ್ತೆ ಅಳೆದರು. ಅಚ್ಚಿನಿಂದ ಅಚ್ಚಿಗೆ ಅಳೆದರು. ಸಮ ಬಂತು.

ಅಷ್ಟರಲ್ಲಿ ಟೈರುಗಳು ಒಂದು ಮಗ್ಗುಲು ಸವೆದು ನುಣ್ಣಗಾದವು. ಹೊಸವು ಹಾಕಿಸಿದರು. ಅವೂ ಹಾಗೆಯೇ ಆದವು. ಕ್ವಾರಿಯಲ್ಲಿ ಅವನಿಗೊಂದು ಹೆಸರಿಟ್ಟರು. ಟೈರ್ ತಿನ್ನಾಂವ. ಚಹಾದ ಅಂಗಡಿಯಲ್ಲಿ, ಏನಪ್ಪಾ, ಇವತ್ತು ಎಷ್ಟು ತಿಂದೆ ಎಂದು ನಗುತ್ತಿದ್ದರು. ಅವನೂ ಮೊದಮೊದಲು ನಕ್ಕ.

ಕೊನೆಗೆ ಸಾವುಕಾರ ಎಲ್ಲರನ್ನೂ ಬೇವಿನ ಮರದ ಕೆಳಗೆ ಸೇರಿಸಿದ. ಹೇರಿದ ಟ್ರೇಲರ್ ಅಲ್ಲೇ ನಿಂತಿತ್ತು. ಕ್ವಾರಿಯ ಕೂಲಿಗಳು ಕೆಲಸ ಬಿಟ್ಟು ಸುತ್ತ ನಿಂತರು. ಮಿಸ್ತ್ರಿ, ಅಚ್ಚುಗಳು ಸಮ ಇವೆ ಎಂದ. ಟೈರ್ ಅಂಗಡಿಯವನು, ಇಂಥ ಸವೆತ ಗಾಡಿಯನ್ನು ವಾರೆ ಓಡಿಸುವವರ ಕೈಯಲ್ಲೇ ಆಗುವುದು ಎಂದ. ಇನ್ನೊಬ್ಬ ಲಾರಿಯವನು, ಇವನು ಅಂಚು ಬಿಟ್ಟು ರಸ್ತೆಯ ನಡುವೆ ಬರುತ್ತಾನೆ, ರಸ್ತೆ ಇವನ ಅಪ್ಪನದೇನೋ ಎಂಬ ಹಾಗೆ ಎಂದ. ಸೂಪರ್‌ವೈಸರ್ ಒಂದು ದಿನ ಅವನ ಪಕ್ಕದಲ್ಲಿ ಕೂತು ಹೋಗಿ ಕಣ್ಣಾರೆ ನೋಡಿದ್ದ. ನೆಟ್ಟನೆಯ ರಸ್ತೆಯಲ್ಲಿ ಇವನು ಸ್ಟೇರಿಂಗನ್ನು ಒಂದು ಗೇಣು ವಾರೆ ಹಿಡಿದಿರುತ್ತಾನೆ ಎಂದ.

"ಅದು ಖರೇ ಇತ್ತಲ್ರಿ?" ಎಂದ ಅಡಿವೆಯ್ಯ ನಡುವೆ ಬಾಯಿ ಹಾಕಿ. "ವಾರೆ ಹಿಡದದ್ದು?"

"ಪೂರಾ ಖರೇ," ಎಂದರು ಅಜ್ಜನವರು. "ನೀ ಅಲ್ಲಿ ಇದ್ದಿದ್ರ ಐದನೇ ಸಾಕ್ಷಿ ಆಗತಿದ್ದಿ."

ಡ್ರೈವರ್ ಎಲ್ಲರ ಮುಖವನ್ನೂ ನೋಡಿದ. ಅವರಲ್ಲಿ ಅವನ ವೈರಿ ಒಬ್ಬನೂ ಇರಲಿಲ್ಲ. ಎಲ್ಲರ ಜೊತೆಗೂ ಕೂತು ಚಹಾ ಕುಡಿದವನೇ ಅವನು. ಅವರು ಹೇಳಿದ ಒಂದೊಂದು ಮಾತೂ ನಿಜವಾಗಿತ್ತು. ಎಲ್ಲ ನಿಜವೂ ಸೇರಿ ಅವನನ್ನು ಸುಳ್ಳು ಮಾಡಿತ್ತು. ಕೂಗಾಡಿದರೆ ನೋಡಿ ಇವನ ನಡತೆ ಎನ್ನುತ್ತಾರೆ, ಸುಮ್ಮನಿದ್ದರೆ ತಪ್ಪೊಪ್ಪಿಕೊಂಡ ಎನ್ನುತ್ತಾರೆ. ಅವನು ಜೇಬಿನಿಂದ ಗಾಡಿಯ ಕೀಲಿ ತೆಗೆದು ಸಾವುಕಾರನ ಮುಂದೆ ಹಿಡಿದ.

"ಸಾವಕಾರ್ರ, ನಾ ಗಾಡಿ ವಾರೆ ಓಡಸಾಕತ್ತಿಲ್ರಿ. ವಾರೆ ಹೊಂಟ ಗಾಡೀನ್ನ ನೆಟ್ಟಗ ಹಿಡಕೊಂಡು ಹೊಂಟೀನಿ. ನನ್ನ ಮಾತು ನಂಬಬ್ಯಾಡ್ರಿ. ಗಾಡಿ ಹೇರೇತಿ, ಕೀಲಿ ಇಲ್ಲೈತಿ. ನಾ ಕುಂತಲ್ಲಿ ಒಮ್ಮೆ ನೀವ ಕುಂತು ಹಿಡದು ನೋಡ್ರಿ."

ಸಾವುಕಾರ ಕೀಲಿಯನ್ನು ನೋಡಿದ. ಸುತ್ತ ನಿಂತ ಕೂಲಿಗಳನ್ನು ನೋಡಿದ. ಅವನಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ ಎಂದಲ್ಲ. ಹುಟ್ಟಾ ಸಾವುಕಾರನಲ್ಲ ಅವನು. ಪ್ರಾಯದಲ್ಲಿ ಲಾರಿ ಓಡಿಸಿಯೇ ಮೇಲೆ ಬಂದವನು. ಆದರೆ ಕ್ವಾರಿ ಕೊಂಡ ಮೇಲೆ ಸ್ಟೇರಿಂಗ್ ಮುಟ್ಟಿರಲಿಲ್ಲ. ಇಷ್ಟು ಜನರೆದುರು ಡ್ರೈವರಿನ ಮಾತಿಗೆ ಡ್ರೈವರಿನ ಸೀಟು ಹತ್ತುವುದು ಅವನಿಗೆ ಕೀಳೆನಿಸಿತು.

"ನಾಕು ಮಂದಿ ಸುಳ್ಳು, ನೀ ಒಬ್ಬಾಂವ ಖರೇ ಏನು?" ಎಂದ. "ಕಣ್ಣಿಗೆ ಕಾಣೋದಕ್ಕ ಹಿಡದು ನೋಡೋದೇನೈತಿ? ಕೀಲಿ ಇಟ್ಟು ನಡಿ."

ಡ್ರೈವರ್ ಕೀಲಿ ಇಟ್ಟು ನಡೆದ. ಅವನು ಗೇಟು ದಾಟುವವರೆಗೂ ಹಿಂದಿನಿಂದ ಯಾರೋ ಟೈರ್ ತಿನ್ನಾಂವ ಎಂದು ಕೂಗಿ ನಗುತ್ತಿದ್ದರು. ಆ ಹೆಸರು ಅವನಿಗಿಂತ ಮೊದಲೇ ಪಕ್ಕದ ಕ್ವಾರಿಗಳನ್ನು ಮುಟ್ಟಿತ್ತು. ಕೆಲಸ ಕೇಳಲು ಹೋದಲ್ಲೆಲ್ಲ, ಓ, ಅವನೇ ಅಲ್ಲವೇ ನೀನು ಎಂದರು. ಬಹಳ ವರ್ಷ ಸ್ಟೇರಿಂಗ್ ಹಿಡಿದವನು ಕಲ್ಲು ಪಾಲಿಶ್ ಮಾಡುವ ಶೆಡ್ಡಿನಲ್ಲಿ ಪೈಪು ಹಿಡಿದು ಯಂತ್ರಕ್ಕೆ ನೀರು ಬಿಡುವ ಕೆಲಸಕ್ಕೆ ನಿಂತ.

ಅಡಿವೆಯ್ಯಾ, ಸ್ವಲ್ಪ ಯೋಚನೆ ಮಾಡು, ಎಂದರು ಅಜ್ಜನವರು. ಅವರ ದನಿಯೂ ಏರಿತ್ತು. ಅವನು ಹಿಡಿದದ್ದಕ್ಕೆ ಅಷ್ಟು ದಿನ ಒಬ್ಬರ ಮೈಗೂ ಟ್ರೇಲರ್ ತಾಗಿರಲಿಲ್ಲ. ತಾಗದೆ ಹೋದದ್ದು ಯಾರ ಕಣ್ಣಿಗೆ ಬೀಳುತ್ತದೆ? ಅಂಚಿನಲ್ಲಿ ನಡೆದು ಮನೆ ಸೇರಿದವರಿಗೆ ತಾವು ಉಳಿದದ್ದೇ ಗೊತ್ತಿಲ್ಲ. ಎಲ್ಲರಿಗೂ ಕಂಡದ್ದು ಅವನ ವಾರೆ ಕೈ ಒಂದೇ. ಆ ಕೈಗೆ ಶಿಕ್ಷೆಯಾಯಿತು. ವಾರೆ ಮಾಡಿದ ಅಚ್ಚುಗಳಿಗೆ ಗ್ರೀಸು ಸಿಕ್ಕಿತು.

ಸಾವುಕಾರ ಇನ್ನೊಬ್ಬ ಡ್ರೈವರನ್ನು ತಂದ. ಅವನು ಜಾಣ. ಹಿಂದಿನವನಿಗೆ ಏನಾಯಿತೆಂದು ಕೇಳಿ ತಿಳಿದುಕೊಂಡೇ ಬಂದಿದ್ದ. ಗಾಡಿ ಎಳೆಯುವುದು ಅವನಿಗೂ ತಿಳಿಯಿತು. ಅವನು ಹೇಳಲಿಲ್ಲ. ಸ್ಟೇರಿಂಗನ್ನು ನೆಟ್ಟಗೆ, ಎಲ್ಲರೂ ಮೆಚ್ಚುವ ಹಾಗೆ ಹಿಡಿದ. ಸೂಪರ್‌ವೈಸರ್ ಪಕ್ಕದಲ್ಲಿ ಕೂತು ನೋಡಿ, ಈಗ ನೋಡಿ, ಡ್ರೈವರ್ ಎಂದರೆ ಹೀಗಿರಬೇಕು ಎಂದ. ಹಿಂದೆ ಬಾಲ ಎಲ್ಲಿಗೆ ಹೋಗುತ್ತಿದೆ ಎಂದು ಇಬ್ಬರೂ ನೋಡಲಿಲ್ಲ.

ದಾರಿಯಲ್ಲೊಂದು ಸಣ್ಣ ಸೇತುವೆ. ಅದರ ಕಟ್ಟೆಯ ಮೇಲೆ ಹತ್ತಿರದ ಹಳ್ಳಿಯವರು ಬಸ್ಸಿಗೆ ಕಾಯುತ್ತ ಕೂರುತ್ತಿದ್ದರು. ಒಂದು ಬೆಳಗ್ಗೆ ಟ್ರೇಲರಿನ ಬಾಲ ಆ ಕಟ್ಟೆಯನ್ನು ಪೂರ್ತಿ ಕೆಡವಿಕೊಂಡು ಹೋಯಿತು. ಬಸ್ಸು ಆಗಷ್ಟೇ ಬಂದು ಹೋಗಿತ್ತು. ಕಟ್ಟೆಯ ಮೇಲೆ ಯಾರೋ ಮರೆತ ಬುತ್ತಿಯ ಡಬ್ಬಿಯೊಂದು ಇತ್ತು, ಅದು ಅಪ್ಪಚ್ಚಿಯಾಯಿತು. ಆ ದಿನ ಬಸ್ಸು ಸ್ವಲ್ಪ ತಡವಾಗಿದ್ದರೆ ಏನಾಗುತ್ತಿತ್ತು ಎಂದು ನಾನು ಹೇಳಬೇಕಾಗಿಲ್ಲ.

ಜಾಣ ಡ್ರೈವರ್ ಗಾಡಿಯನ್ನು ಅಲ್ಲೇ ನಿಲ್ಲಿಸಿ ಓಡಿಹೋದ. ಸುದ್ದಿ ಕೇಳಿ ಸಾವುಕಾರ ಬಂದ. ಹಳ್ಳಿಯವರು ಸುತ್ತ ನಿಂತಿದ್ದರು. ಒಬ್ಬ ಹೆಂಗಸು ಚಪ್ಪಟೆಯಾದ ಡಬ್ಬಿಯನ್ನು ಅವನ ಮುಂದೆ ಹಿಡಿದು, ನನ್ನ ಮಗಳದು ಇದು ಎಂದಳು. ಸಾವುಕಾರ ತಲೆ ತಗ್ಗಿಸಿದ. ಕಟ್ಟೆ ಕಟ್ಟಿಸಿಕೊಡುತ್ತೇನೆ ಎಂದ. ಗಾಡಿ ತೆಗೆಯಲು ಬೇರೆ ಡ್ರೈವರನ್ನು ಕರೆದರೆ ಯಾರೂ ಬರಲಿಲ್ಲ. ಕೊನೆಗೆ ತಾನೇ ಸೀಟು ಹತ್ತಿದ.

ಹಳೆಯ ಅಭ್ಯಾಸ ಕೈ ಬಿಟ್ಟಿರಲಿಲ್ಲ. ಗಾಡಿ ಹೊರಟಿತು. ಹೊರಟ ಸ್ವಲ್ಪ ಹೊತ್ತಿಗೆ ಬೆನ್ನ ಹಿಂದೆ ಯಾರೋ ಎಡಕ್ಕೆ ಜಗ್ಗಿದ ಹಾಗಾಯಿತು. ಕನ್ನಡಿ ನೋಡಿದ. ಅಂಚಿನಲ್ಲಿ ಒಬ್ಬಾಕೆ ಹುಲ್ಲಿನ ಹೊರೆ ಹೊತ್ತು ನಡೆಯುತ್ತಿದ್ದಳು. ಎಳೆಯುವ ಗಾಡಿ ಅವಳನ್ನು ದಾಟಿತ್ತು. ಬಾಲ ಅವಳ ಕಡೆಗೇ ಬರುತ್ತಿತ್ತು. ಸಾವುಕಾರನ ಕೈ ತಾನಾಗಿಯೇ ಬಲಕ್ಕೆ ತಿರುಗಿತು. ಬಾಲ ಒಳಗೆ ಸರಿಯಿತು. ಆಕೆ ತನ್ನ ಪಾಡಿಗೆ ನಡೆಯುತ್ತಲೇ ಇದ್ದಳು, ತಿರುಗಿಯೂ ನೋಡಲಿಲ್ಲ.

ಅವನು ಕೈ ಬಿಡದೆ ಹಿಡಿದೇ ಇದ್ದ. ಬಿಟ್ಟರೆ ಮುಂದೆ ಇನ್ನೊಬ್ಬರು ನಡೆಯುತ್ತಿದ್ದರು. ಆಮೇಲೆ ತನ್ನ ಕೈಯನ್ನು ತಾನೇ ನೋಡಿಕೊಂಡ. ರಸ್ತೆ ನೆಟ್ಟಗಿತ್ತು. ಸ್ಟೇರಿಂಗ್ ವಾರೆ ಇತ್ತು. ಒಂದು ಗೇಣು.

ಕ್ವಾರಿ ಸೇರುವಷ್ಟರಲ್ಲಿ ಅವನ ಭುಜ ಉರಿಯುತ್ತಿತ್ತು. ಇಳಿದವನು ಯಾರಿಗೂ ಬೈಯಲಿಲ್ಲ. ಬಂಡೆ ಇಳಿಸಿ ಎಂದ. ಗಾಡಿ ಬಿಡಿಸಿ ಎಂದ. ಟ್ರೇಲರಿನ ಮೂತಿಯ ಕೆಳಗೆ ತಾನೇ ನುಗ್ಗಿ ಬಟ್ಟೆಯಿಂದ ಗ್ರೀಸು ಒರೆಸಿ, ಟೇಪಿನ ತುದಿಯನ್ನು ಗೂಟಕ್ಕೆ ಹಿಡಿದ. ಇನ್ನೊಂದು ತುದಿಯನ್ನು ಮಿಸ್ತ್ರಿ ಹಿಡಿದ. ಬಲಕ್ಕೆ ಅಳೆದರು. ಎಡಕ್ಕೆ ಅಳೆದರು. ಎರಡು ಬೆರಳು ವ್ಯತ್ಯಾಸ. ಮೂರೂ ಅಚ್ಚಿಗೆ ಅದೇ ಎರಡು ಬೆರಳು. ಮಿಸ್ತ್ರಿಯ ಕೈಯಿಂದ ಟೇಪು ಜಾರಿ ಸುರುಳಿ ಸುತ್ತಿಕೊಂಡಿತು.

ಬಾಗಿದ ಕಾಲನ್ನು ಕತ್ತರಿಸಿ ಹೊಸದು ಹಾಕಿದರು. ಅಚ್ಚುಗಳನ್ನು ಗೂಟಕ್ಕೆ ಹೊಂದಿಸಿದರು. ಹಡಗೊಂದು ತಪ್ಪಿಹೋಯಿತು. ಹೋಗಲಿ ಎಂದ ಸಾವುಕಾರ. ಆಮೇಲೆ ಪಾಲಿಶ್ ಶೆಡ್ಡನ್ನು ಹುಡುಕಿಕೊಂಡು ಹೋದ. ಡ್ರೈವರ್ ಮೊಣಕಾಲುದ್ದ ಕಲ್ಲಿನ ರಾಡಿಯಲ್ಲಿ ನಿಂತು ನೀರು ಬಿಡುತ್ತಿದ್ದ. ಯಂತ್ರದ ಸದ್ದಿನಲ್ಲಿ ಯಾರಿಗೂ ಏನೂ ಕೇಳುತ್ತಿರಲಿಲ್ಲ. ಸಾವುಕಾರ ಅವನನ್ನು ಶೆಡ್ಡಿನ ಹಿಂದಕ್ಕೆ ಕರೆದುಕೊಂಡು ಹೋದ. ಅಲ್ಲಿ ಇಬ್ಬರೇ ಇದ್ದರು.

"ನಂದ ತಪ್ಪಾತು," ಎಂದ ಸಾವುಕಾರ. "ನಾ ಕುಂತು ಹಿಡದು ನೋಡೀನಿ. ಗಾಡಿ ಸರಿ ಮಾಡಿಸೀನಿ. ನಾಳಿಂದ ಕೆಲಸಕ್ಕ ಬಾ."

ಡ್ರೈವರ್ ಕೈಯ ರಾಡಿಯನ್ನು ಒರೆಸಿಕೊಂಡ. ಅವನಿಗೆ ಸಂತೋಷವಾಗಬೇಕಿತ್ತು. ಮನೆಯಲ್ಲಿ ಒಲೆ ಉರಿಯಬೇಕಲ್ಲ. ಆದರೆ ಅವನಿಗೆ ಬಂದದ್ದು ಸಿಟ್ಟು. ಬೇವಿನ ಮರದ ಕೆಳಗೆ ನುಂಗಿಕೊಂಡಿದ್ದ ಸಿಟ್ಟೆಲ್ಲ ಈಗ ಹೊರಗೆ ಬಂತು.

"ಗಾಡಿ ಸರಿ ಮಾಡಿಸಿದ್ರಿ, ಛಲೋ ಆತು," ಎಂದ. "ಅವತ್ತು ಇಡೀ ಕ್ವಾರಿ ಮಂದೀನ್ನ ಕೂಡಿಸಿ ತಪ್ಪು ಇವಂದ ಅಂದ್ರಿ. ಇವತ್ತು ಶೆಡ್ಡಿನ ಹಿಂದ ಕರಕೊಂಡು ಬಂದು ಅಲ್ಲ ಅಂತೀರಿ. ನನ್ನ ಹೆಸರು ಕೆಟ್ಟಿದ್ದು ಇಲ್ಲಿ ಅಲ್ರಿ. ಬೇವಿನ ಗಿಡದ ಕೆಳಗ. ಅಲ್ಲಿ ಹೇಳ್ರಿ. ಆಮ್ಯಾಲ ಬರತೀನಿ."

ಅವನು ತಿರುಗಿ ಹೋಗಿ ಪೈಪು ಹಿಡಿದ. ಸಾವುಕಾರ ಅಲ್ಲೇ ನಿಂತಿದ್ದ.

ಅಡಿವೆಯ್ಯ ಕಾದ. ಅಜ್ಜನವರ ಕತೆ ಅಲ್ಲಿಗೇ ನಿಂತಿತ್ತು.

"ಆಮ್ಯಾಲ ಏನಾತ್ರಿ? ಸಾವಕಾರ ಮಂದಿ ಮುಂದ ಹೇಳಿದ್ನೇನ್ರಿ?"

ಅಜ್ಜನವರು ಜಗಲಿಯ ಕಡೆ ನೋಡುತ್ತಿದ್ದರು. ಅಡಿವೆಯ್ಯನಿಗೆ ತಡೆಯಲಾಗಲಿಲ್ಲ. ಬರುವಾಗ ಫಕೀರವ್ವನ ಮೇಲಿದ್ದ ಅವನ ಸಿಟ್ಟು ಈಗ ಪೂರ್ತಿ ಸಾವುಕಾರನ ಮೇಲೆ ತಿರುಗಿತ್ತು.

"ಎಂಥಾ ಮನಷ್ಯಾರಿ ಅಂವಾ," ಎಂದ. "ಕೀಲಿ ತಂದು ಮಾರಿ ಮುಂದ ಹಿಡದಿದ್ದ ಪಾಪ. ಒಮ್ಮೆ ಅವ ಕುಂತಲ್ಲಿ ಕುಂತು ನೋಡಿದ್ರ ಇವನ ಗಂಟೇನು ಹೋಗತಿತ್ತು?"

ಹೊರಗೆ ಊಟದ ಗಂಟೆ ಹೊಡೆಯಿತು. ಮೊದಲ ಪಂಕ್ತಿಯ ಕರೆ ಅದು. ದಿನದ ರೂಢಿಯಂತೆ ಅಡಿವೆಯ್ಯನ ಕಾಲುಗಳು ತಾವಾಗಿಯೇ ಎದ್ದವು. ಆ ಸಾಲಿನಲ್ಲಿ ಅವನ ಜಾಗ ಮೊದಲನೆಯದು. ಬಾಗಿಲ ಬಳಿ ಜಗಲಿಯಲ್ಲಿ ಫಕೀರವ್ವ ತನ್ನ ಗಂಟನ್ನು ಮಡಿಲಿಗೆ ಎಳೆದುಕೊಂಡು ಅವನಿಗೆ ದಾರಿ ಬಿಟ್ಟಳು.

"ಅಡಿವೆಯ್ಯಾ," ಎಂದರು ಅಜ್ಜನವರು, "ನಮ್ಮ ದಾಸೋಹದಾಗ ನೀ ಎಂದಾರ ಕಡೀ ಪಂಕ್ತಿಗೆ ಕುಂತು ಉಂಡೀಯೇನು?"

ಅಡಿವೆಯ್ಯ ಹೊಸ್ತಿಲ ಮೇಲೆ ನಿಂತುಬಿಟ್ಟ. ಮೊನ್ನೆ ಮುಚ್ಚಿಟ್ಟಿದ್ದ ಅನ್ನದ ಬೋಗುಣಿ ಅವನಿಗೆ ನೆನಪಾಯಿತು.